ಇಂಗುಗುಂಡಿಯ ನೀಲಿ

ಆಗಸ್ಟ್ 19

ನೆರೆ ಬಂದಾಗ ಬೀಳಲಿಲ್ಲ. ನೆರೆ ಇಳಿದ ಮೇಲೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ಬೆಳಗಿನ ಒಂಬತ್ತೂವರೆಗೆ ದಂಡೆ ಬಿತ್ತು.

ಮೂರು ದಿನ ಹೊಳೆ ನಮ್ಮ ಹಿತ್ತಲಿನ ಅಂಚಿಗಿಂತ ಒಂದು ಗೇಣು ಕೆಳಗೆ ನಿಂತಿತ್ತು. ಲಾಂಡ್ರಿಗೆ ಬಂದ ಬಟ್ಟೆಯ ಗಂಟುಗಳನ್ನೆಲ್ಲ ಬೀದಿ ಕಡೆಗೆ ಸಾಗಿಸಿ, ನಾನೂ ಅತ್ತಿಗೆಯೂ ಸರದಿಯ ಮೇಲೆ ಕಾದಿದ್ದೆವು. ಮೊನ್ನೆ ಇಳಿಯತೊಡಗಿತು. ನಿನ್ನೆ ಒಂದಾಳು ಇಳಿಯಿತು. ಅಬ್ಬಾ, ಬದುಕಿದೆವು ಎಂದುಕೊಂಡು ಇವತ್ತು ಹೆರಿಗೆ ಆಸ್ಪತ್ರೆಯ ಹಾಸುಬಟ್ಟೆಗಳನ್ನು ಒಣಹಾಕಿದೆ. ಕ್ಲಿಪ್ಪು ಸಾಲದೆ ಒಳಗೆ ಬಂದೆ. ಹಿಂದೆ ಧೊಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಮೂರು ಕಂಬ, ಹಗ್ಗ, ಹತ್ತೊಂಬತ್ತು ಹಾಸುಬಟ್ಟೆ, ಅವೆಲ್ಲ ನಿಂತಿದ್ದ ನೆಲ, ಯಾವುದೂ ಇಲ್ಲ.

ಕ್ಲಿಪ್ಪು ಸಾಕಾಗಿದ್ದರೆ ನಾನೂ ಇರುತ್ತಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ ಎಂದು ಎರಡು ಸಲ ಬರೆದುಕೊಳ್ಳುತ್ತೇನೆ. ಯಾರಿಗೂ ಏನೂ ಆಗಲಿಲ್ಲ.

ಇಸ್ತ್ರಿ ಕೋಣೆಯ ಹಿಂಗೋಡೆಯಿಂದ ದಂಡೆಯ ಅಂಚಿಗೆ ಮೂವತ್ತು ಹೆಜ್ಜೆಯಿತ್ತು. ಈಗ ಹನ್ನೊಂದು.

ಇನ್ನೊಂದು ಮಾತು, ಇಲ್ಲಿ ಬಿಟ್ಟು ಬೇರೆಲ್ಲೂ ಹೇಳಲಾರೆ. ಎರಡು ವರ್ಷದ ಹಿಂದೆ ದಂಡೆಯ ಮೇಲಿದ್ದ ಪೊದೆಗಳನ್ನೆಲ್ಲ ಕಡಿಸಿದವಳು ನಾನು. ಹಗ್ಗದ ಮೇಲೆ ನೆರಳು ಬೀಳುತ್ತಿತ್ತು, ಹಕ್ಕಿಗಳು ಬಿಳಿ ಬಟ್ಟೆಯ ಮೇಲೆ ಸಹಿ ಹಾಕುತ್ತಿದ್ದವು. ಅತ್ತಿಗೆ ಆಗ ವಾರವಿಡೀ ಜಗಳ ತೆಗೆದಿದ್ದರು. ಅತ್ತಿಗೆ ಎಂದರೆ ನಮ್ಮವರ ಅಕ್ಕ, ಅರವತ್ತಮೂರು ವರ್ಷ, ಈ ಲಾಂಡ್ರಿಯ ಇಸ್ತ್ರಿಯೆಲ್ಲ ಅವರದೇ. ನಮ್ಮವರು ತೀರಿಹೋಗಿ ಮೂರು ವರ್ಷವಾದ ಮೇಲೂ ನಾವಿಬ್ಬರು ಒಂದೇ ಸೂರಿನ ಕೆಳಗಿರುವುದಕ್ಕೆ ಕಾರಣ ಪ್ರೀತಿಯಲ್ಲ, ಕೆಲಸ. ಇವತ್ತು ಪೊದೆಯ ಮಾತು ಅವರ ಬಾಯಿಂದ ಬಂದೇ ಬರುತ್ತದೆಂದು ಕಾದೆ. ಬರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬೆಳಗಿನಿಂದ ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೇನೆ.

ಆಗಸ್ಟ್ 21

ಊರ ಕಚೇರಿಯವರು ಬಂದು ಇಸ್ತ್ರಿ ಕೋಣೆಗೆ ಬೀಗ ಹಾಕಿ ಕೆಂಪು ಪಟ್ಟಿ ಅಂಟಿಸಿದರು. ಬರುವ ಮಳೆಗಾಲದೊಳಗೆ ದಂಡೆ ಗಟ್ಟಿಯಾಗಬೇಕು. ಆಗದಿದ್ದರೆ ಕಟ್ಟಡವನ್ನೇ ಖಾಲಿ ಮಾಡಬೇಕು. ನೀರಿನ ಇಲಾಖೆಯ ಎಂಜಿನಿಯರ್ ಬಂದು ನೋಡುತ್ತಾರಂತೆ. ನಮ್ಮವರು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿದ್ದು ಇದು. ಅವರಿದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಯೋಚಿಸುತ್ತ ಕುಳಿತೆ.

ಇಸ್ತ್ರಿ ಮೇಜು ಎಲ್ಲಿ ಹಾಕುವುದು? ಖಾಲಿಯಿರುವುದು ಬೀದಿ ಕಡೆಯ ನಮ್ಮವರ ಕೋಣೆ ಒಂದೇ. ಅಲ್ಲಿ ಅವರ ಮಂಚ, ಕುರ್ಚಿ, ಗೋಡೆಯ ಮೊಳೆಗೆ ಅವರ ಅಂಗಿಗಳು. ಅತ್ತಿಗೆ ಆ ಬಾಗಿಲ ಕಡೆ ಒಮ್ಮೆ ನೋಡಿದರು, ಅಷ್ಟೇ.

"ಅಡುಗೆಮನೆಯಲ್ಲಿ ಹಾಕೋಣ ಅತ್ತಿಗೆ, ಜಾಗ ಬೇಕಾದಷ್ಟಿದೆ" ಎಂದೆ.

ಆಗಸ್ಟ್ 24

ಜಾಗ ಬೇಕಾದಷ್ಟಿಲ್ಲ. ಅತ್ತಿಗೆಯ ಮೊಣಕೈ ಒಲೆಗೆ ತಾಗಿ ಸುಟ್ಟಿತು. ಡಾಕ್ಟರೊಬ್ಬರು ಬಿಳಿ ಕೋಟು ವಾಪಸ್ ಕಳಿಸಿದ್ದಾರೆ, ಈರುಳ್ಳಿ ವಾಸನೆಯಂತೆ.

ಆಗಸ್ಟ್ 28

ಎಂಜಿನಿಯರ್ ಬಂದರು. ಮೂವತ್ತೈದರ ಹೆಂಗಸು, ಮೊಣಕಾಲವರೆಗೆ ರಬ್ಬರ್ ಬೂಟು. ಅತ್ತಿಗೆ ಆಗಲೇ ಬೂಟಮ್ಮ ಎಂದು ಹೆಸರಿಟ್ಟಾಯಿತು. ಬೂಟಮ್ಮ ಮಾತು ಕಡಿಮೆ. ಉದ್ದನೆಯ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಚುಚ್ಚುತ್ತ ಹೋದರು. ಕುಸಿದ ಕಡೆ ಇಳಿದು ಚಿಟಿಕೆ ಮಣ್ಣು ತೆಗೆದು, ಮರಳಿದೆಯೇ ಎಂದು ಹಲ್ಲಿನಲ್ಲಿ ಕಡಿದು ನೋಡಿ ಉಗಿದರು. "ನಮ್ಮನೇಲಿ ತಿಂಡಿ ಕೊಡಲ್ಲ ಅಂದ್ಕೊಂಡ್ರೇನೋ" ಎಂದು ಅತ್ತಿಗೆ ನನ್ನ ಕಿವಿಯಲ್ಲಿ ಅಂದರು.

ಒಂಬತ್ತು ದಿನದಿಂದ ತಲೆ ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಿದೆ. "ನೆರೆ ಇದ್ದಾಗ ನಿಂತಿದ್ದ ದಂಡೆ ಬಿಸಿಲಲ್ಲಿ ಯಾಕೆ ಬಿತ್ತು?"

"ನೆರೆ ಇದ್ದಾಗ ಹೊಳೆಯೇ ದಂಡೆಗೆ ಒತ್ತಾಸೆಯಾಗಿ ನಿಂತಿತ್ತಮ್ಮ. ಮಣ್ಣು ಆಗ ಹೊಟ್ಟೆ ತುಂಬ ನೀರು ಕುಡೀತು. ಹೊಳೆ ಬೇಗ ಇಳಿದುಬಿಡ್ತು, ಒಳಗಿನ ನೀರು ಅಷ್ಟು ಬೇಗ ಇಳೀಲಿಲ್ಲ. ಒತ್ತಾಸೆ ಹೋಯ್ತು, ಭಾರ ಉಳೀತು."

ನನಗೆ ತಟ್ಟನೆ ಅರ್ಥವಾಯಿತು. ಕಂಬಳಿ ತೊಟ್ಟಿಯ ನೀರಿನಲ್ಲಿರುವಾಗ ಒಂದು ಬೆರಳಲ್ಲಿ ತಿರುಗಿಸಬಹುದು. ಮೇಲೆತ್ತಿದರೆ ತೋಳೇ ಕಿತ್ತು ಬರುತ್ತದೆ. ಹಾಗೆಂದೆ. ಬೂಟಮ್ಮ ಮೊದಲ ಸಲ ನಕ್ಕು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಇನ್ನೂ ಹೇಳಿದರು. ಹೊಳೆ ಇಲ್ಲಿ ತಿರುಗುತ್ತದೆ, ತಿರುವಿನ ಹೊರಬದಿ ನಮ್ಮದು; ನೀರು ಬಂದು ಗುದ್ದುವುದು ನಮ್ಮ ಬುಡಕ್ಕೇ. ಬುಡ ಕೊರೆದರೆ ತಲೆ ತಾನಾಗಿ ಉರುಳುತ್ತದೆ. ಹೋದ ವರ್ಷ ದಂಡೆ ಗಟ್ಟಿಯಾಗಲೆಂದು ಹಳೇ ಗೋಡೆಯ ಇಟ್ಟಿಗೆ, ಕಲ್ಲು ಎಲ್ಲ ತಂದು ಅಂಚಿನ ಮೇಲೆ ಸುರಿದಿದ್ದೆವಲ್ಲ, ಅದು ಮೂಗಿಗಿಂತ ಮೂಗುತಿ ಭಾರವಾದಂತಾಯಿತು. ಕಲ್ಲು ಇರಬೇಕಾದದ್ದು ಬುಡದಲ್ಲಿ.

ಕೊನೆಗೆ ಕೇಳಿದರು, "ಬಟ್ಟೆ ಒಗೆದ ನೀರು ಎಲ್ಲಿಗೆ ಹೋಗುತ್ತೆ?"

ಹೆಮ್ಮೆಯಿಂದ ನಮ್ಮವರ ಇಂಗುಗುಂಡಿ ತೋರಿಸಿದೆ. ಹಿಂಗೋಡೆಯಿಂದ ನಾಲ್ಕು ಹೆಜ್ಜೆ. ಸೋಪಿನ ನೊರೆ ಹೊಳೆಗೆ ಸೇರುತ್ತದೆಂದು ಕೆಳಗಿನ ಊರಿನವರು ದೂರಿದಾಗ ಅವರೇ ಹಾರೆ ಹಿಡಿದು ತೋಡಿ, ಇಟ್ಟಿಗೆಚೂರು ತುಂಬಿ ಮಾಡಿದ್ದು. ಬಂದ ಗಿರಾಕಿಗಳನ್ನೆಲ್ಲ ಹಿತ್ತಲಿಗೆ ಕರೆದು ತೋರಿಸುತ್ತಿದ್ದರು. "ಹದಿನಾಲ್ಕು ವರ್ಷ. ಒಂದು ಸಲವೂ ಉಕ್ಕಿಲ್ಲ" ಎಂದೆ.

"ದಿನಕ್ಕೆ ಎಷ್ಟು ನೀರು?"

"ನಾಲ್ಕು ಸಾವಿರ ಲೀಟರ್ ಇರಬಹುದು."

ಬೂಟಮ್ಮ ಗುಂಡಿಯನ್ನೂ ಹೊಳೆಯನ್ನೂ ನೋಡಿದರು. "ಹಾಗಾದ್ರೆ ಅಷ್ಟೂ ನೀರು ಎಲ್ಲಿಗೆ ಹೋಗ್ತಾ ಇದೆ?"

ನನಗೆ ಪಿತ್ತ ನೆತ್ತಿಗೇರಿತು. ಕಾಫಿ ಕುಡಿಯಿರಿ ಎಂದೂ ಹೇಳದೆ ಒಳಗೆ ಬಂದೆ.

ಆಗಸ್ಟ್ 29

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ದಂಡೆ ಕೊರೆದದ್ದು ಹೊಳೆ, ತಪ್ಪು ಸತ್ತವರ ಗುಂಡಿಯದು! ಹೊಳೆ ಕೊಳೆಯಾಗಬಾರದೆಂದು ಕೈಯಲ್ಲಿ ಬೊಬ್ಬೆ ಬರಿಸಿಕೊಂಡ ಮನುಷ್ಯನ ಮೇಲೆ ಇಂಥ ಮಾತು! ಬೆಳಿಗ್ಗೆ ಬೂಟಮ್ಮನಿಗೆ ಫೋನ್ ಮಾಡಿದೆ. "ನಮ್ಮ ಹತ್ರ ಬಟ್ಟೆಗೆ ಹಾಕೋ ನೀಲಿ ಇದೆ. ಗುಂಡಿಗೆ ಸುರೀತೀನಿ. ದಂಡೆಯಲ್ಲಿ ಒಂದು ಹನಿ ನೀಲಿ ಕಂಡ್ರೂ ಲಾಂಡ್ರಿ ಮುಚ್ಚಿಬಿಡ್ತೀನಿ."

"ಲಾಂಡ್ರಿ ಮುಚ್ಚೋದು ಬೇಡ. ಆದ್ರೆ ಉಪಾಯ ಚೆನ್ನಾಗಿದೆ. ಆರು ಬಾಟಲಿ ಹಾಕಿ" ಎಂದರು. ಎಂಟು ಹಾಕಿದೆ.

ಆಗಸ್ಟ್ 30

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲ ಇಳಿದು ನೋಡಿದೆ. ಏನೂ ಇಲ್ಲ. ನನಗೆ ಗೊತ್ತಿತ್ತು. ಈ ಹನ್ನೊಂದು ದಿನದಲ್ಲಿ ಇವತ್ತೇ ಹೊಟ್ಟೆ ತುಂಬ ಉಂಡದ್ದು.

ಆಗಸ್ಟ್ 31

ಬಂತು.

ಕೆಂಪು ಮಣ್ಣಿನ ಕೆಳಗೆ ಮರಳಿನ ಪಟ್ಟೆಯೊಂದಿದೆ. ಅದರುದ್ದಕ್ಕೂ ಏಳು ಕಡೆ ನೀಲಿ ಸೋರುತ್ತಿದೆ.

ಸೆಪ್ಟೆಂಬರ್ 1

ಬೂಟಮ್ಮ ಬಂದು ನೋಡಿದರು. ಗೆದ್ದೆನೆಂಬ ಮುಖ ಮಾಡಲಿಲ್ಲ, ಅದಕ್ಕೇ ಇನ್ನಷ್ಟು ಅವಮಾನವಾಯಿತು. ಗುಂಡಿಯ ನೀರು ನೇರ ಕೆಳಗೆ ಇಂಗುವ ಬದಲು ಮರಳಿನ ಪಟ್ಟೆಯ ಹಾದಿ ಹಿಡಿದು ದಂಡೆಯ ಮುಖಕ್ಕೆ ಹೋಗುತ್ತಿದೆ. ಹೋಗುವಾಗ ಮರಳನ್ನು ಕಾಳು ಕಾಳಾಗಿ ಹೊರಗೆ ಒಯ್ದಿದೆ. ಹದಿನಾಲ್ಕು ವರ್ಷ ಮೇಲಿನ ಮಣ್ಣು ಟೊಳ್ಳಿನ ಮೇಲೆ ಕುಳಿತಿತ್ತು. ಉಕ್ಕದ ಗುಂಡಿ ಎಂದು ಮೆರೆದದ್ದೇ ಬಂತು. ನೀರಿಗೆ ಹಿಂಬಾಗಿಲು ಸಿಕ್ಕಿತ್ತು.

ನನ್ನ ಬಾಯಿ ಕಟ್ಟೆಯೊಡೆಯಿತು. "ಗುಂಡಿ ಒಂದೇ ಅಲ್ಲ ಮೇಡಂ, ದಂಡೆ ಮೇಲಿನ ಪೊದೆ ಕಡಿಸಿದ್ದು ನಾನು" ಎಂದುಬಿಟ್ಟೆ, ಅತ್ತಿಗೆಯ ಎದುರಿಗೇ.

"ಅದೂ ಒಂದು ಕಾರಣವೇ. ಬೇರು ಮೇಲಿನ ಮಣ್ಣನ್ನ ಹೆಣೆದು ಹಿಡೀತಿತ್ತು. ಆದ್ರೆ ದಂಡೆ ಯಾವತ್ತೂ ಒಂದೇ ಕಾರಣಕ್ಕೆ ಬೀಳಲ್ಲಮ್ಮ. ತಿರುವು, ಮರಳು, ಗುಂಡಿ, ಮೇಲಿನ ಕಲ್ಲು, ನೆರೆ ಇಳಿದ ರಭಸ, ಎಲ್ಲ ಸೇರಿತು. ನೀವು ಪೊದೆ ಮಾತ್ರ ಕಡಿಸಿದ್ದಿದ್ರೆ ಇವತ್ತೂ ನಿಂತಿರ್ತಿತ್ತು."

ಬೂಟಮ್ಮ ಹೋದ ಮೇಲೆ ಅತ್ತಿಗೆಯ ಕಡೆ ತಿರುಗಿದೆ. "ಈಗಲಾದ್ರೂ ಬೈದುಬಿಡಿ ಅತ್ತಿಗೆ. ಹದಿಮೂರು ದಿನದಿಂದ ಕಾಯ್ತಾ ಇದ್ದೀನಿ, ಸಾಕಾಗಿದೆ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಯಾವ ಬಾಯಿಂದ ಬೈಲೇ? ಅವನು ಗುಂಡೀನ ಬೀದಿ ಕಡೆ ತೋಡ್ತೀನಿ ಅಂದ. ವಾಸನೆ ಬಂದ್ರೆ ಗಿರಾಕಿ ಬರಲ್ಲ, ಹಿಂದಕ್ಕೆ ತೋಡೋ ಅಂತ ಹಟ ಹಿಡಿದು ಜಾಗ ತೋರಿಸಿದ್ದು ನಾನು. ಆ ಹೆಂಗಸು ಗುಂಡಿ ನೋಡಿದ ಗಳಿಗೆಯಿಂದ ನನಗೆ ಎದೆ ಢವಢವ."

"ಅದಕ್ಕೂ ಮುಂಚೆ ಒಂಬತ್ತು ದಿನ ಸುಮ್ಮನಿದ್ರಲ್ಲ?"

"ನಿನ್ನ ಮುಖ ನೋಡೋಕಾಗ್ತಿರಲಿಲ್ಲ ಕಣೇ. ಬೈಯೋಕೆ ಎದುರಾಳಿಗೆ ಸ್ವಲ್ಪ ಜೀವ ಇರ್ಬೇಕು."

ಇಬ್ಬರೂ ನಕ್ಕೆವು. ಆಮೇಲೆ ನಮ್ಮವರ ಮೇಲೆ ಸಿಟ್ಟು ಬಂತು. ತೋಡುವ ಮುಂಚೆ ಬಲ್ಲವರನ್ನು ಒಂದು ಮಾತು ಕೇಳಬಾರದಿತ್ತೇ? ಎಲ್ಲ ತನಗೇ ಗೊತ್ತು ಎಂಬ ಬುದ್ಧಿ ಅವರಿಗೆ ಮೊದಲಿನಿಂದಲೂ ಇತ್ತು. ಹಾಗೆ ಅಂದೆ. "ಒಳ್ಳೇದು ಮಾಡೋಕೆ ಹೋದ, ಪಾಪ. ಆದ್ರೆ ಹೌದು, ಮಹಾ ಮೊಂಡ" ಎಂದರು ಅತ್ತಿಗೆ. ಸಾಯಂಕಾಲದವರೆಗೂ ಅವರ ಮೊಂಡಾಟಗಳನ್ನು ಒಂದೊಂದೇ ನೆನಪಿಸಿಕೊಂಡೆವು. ದಂಡೆ ಹಾಗೇ ಬಾಯಿ ತೆರೆದುಕೊಂಡು ಬಿದ್ದಿದೆ, ಕಟ್ಟಡ ಉಳಿಯುತ್ತದೋ ಇಲ್ಲವೋ ತಿಳಿಯದು. ಆದರೂ ಎದೆಯ ಮೇಲಿಂದ ಯಾರೋ ಚಪ್ಪಡಿ ಎತ್ತಿಟ್ಟ ಹಾಗಿದೆ.

ಸೆಪ್ಟೆಂಬರ್ 4

ಬೀದಿ ಕಡೆಯ ಕೋಣೆಗೆ ಇಸ್ತ್ರಿ ಮೇಜು ಹಾಕಿದೆವು. ಬೆಳಕು ಚೆನ್ನಾಗಿದೆ, ಮೊದಲೇ ಮಾಡಬೇಕಿತ್ತು. ಮಂಚವನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದೆ. ಅಂಗಿಗಳನ್ನು ಅತ್ತಿಗೆ ಒಗೆದು ಮಡಿಸಿಟ್ಟಿದ್ದಾರೆ. ಡಾಕ್ಟರ ಕೋಟು ಎರಡನೇ ಸಲ ಕಳಿಸಿದೆವು, ದೂರು ಬಂದಿಲ್ಲ.

ಅಕ್ಟೋಬರ್ 17

ಒಗೆದ ನೀರಿಗೆ ಈಗ ಹೊಸ ಕೊಳವೆ, ನೇರ ಬೀದಿಯ ಚರಂಡಿಗೆ. ಗುಂಡಿ ಮುಚ್ಚಲೆಂದು, ದಂಡೆ ಕೆಲಸಕ್ಕೆ ಇಲಾಖೆ ಕಳಿಸಿದ ಕಲ್ಲು ಮೇಸ್ತ್ರಿ ಇಟ್ಟಿಗೆಚೂರು ತೆಗೆಸಿದರು. ತಳದಲ್ಲಿ ಹೊಳೆಯ ಕಡೆಗೆ ಒಂದು ಗವಿ! ಎಮ್ಮೆ ಕಾಲು ಚಾಚಿ ಮಲಗಬಹುದು. ಅದರ ಮೇಲೆಯೇ ನಾವು ಇಷ್ಟು ವರ್ಷ ಬಕೆಟ್ಟು ಹೊತ್ತು ಓಡಾಡಿದ್ದು. ಸಂಜೆಯೊಳಗೆ ಜಲ್ಲಿ, ಮಣ್ಣು ತುಂಬಿ ಪದರಪದರವಾಗಿ ತುಳಿಸಿದರು. ನಾನೂ ಇಳಿದು ತುಳಿದೆ.

ಡಿಸೆಂಬರ್ 9

ಇವತ್ತು ಮಹಾಯುದ್ಧ. ದಂಡೆ ಗೋಡೆಯಂತೆ ನೆಟ್ಟಗೆ ನಿಂತಿದೆ, ಅದನ್ನು ಇಳಿಜಾರಾಗಿ ಕಡಿಯಬೇಕು ಎಂದರು ಬೂಟಮ್ಮ. ಹಾಗೆ ಕಡಿದರೆ ಹನ್ನೊಂದು ಹೆಜ್ಜೆಯಲ್ಲಿ ಉಳಿಯುವುದು ಆರು.

ಅತ್ತಿಗೆ ಸೊಂಟಕ್ಕೆ ಕೈ ಕೊಟ್ಟು ನಿಂತರು. "ಹೊಳೆ ತಿಂದಿದ್ದು ಸಾಲದು ಅಂತ ಈಗ ನಾವೇ ಬಡಿಸೋದಾ? ಉಳಿದಿರೋದನ್ನ ಉಳಿಸಿ ಅಂದ್ರೆ ಕಡೀತೀನಿ ಅಂತಾರಲ್ಲ!"

ಬೂಟಮ್ಮ ಸೋಪಿನ ಪುಡಿಯ ಡಬ್ಬ ತರಿಸಿ ಮೇಜಿನ ಮೇಲೆ ಸುರಿದರು. ಪುಡಿ ತನಗೆ ಬೇಕಾದ ಇಳಿಜಾರಿನಲ್ಲಿ ಗುಡ್ಡೆಯಾಗಿ ನಿಂತಿತು. ಅಳತೆಪಟ್ಟಿಯಿಂದ ಒಂದು ಬದಿಯನ್ನು ನೆಟ್ಟಗೆ ಕತ್ತರಿಸಿದರು. ಜರ್ರನೆ ಜಾರಿ ಮತ್ತೆ ಅದೇ ಇಳಿಜಾರಿಗೆ ಬಂತು. "ನಾವು ಕೊಡದಿದ್ರೆ ತಾನೇ ತಗೊಳ್ಳುತ್ತೆ ಅಮ್ಮ. ಅದು ತಗೊಳ್ಳೋವಾಗ ಲೆಕ್ಕ ನಮ್ಮ ಕೈಲಿರಲ್ಲ."

ಅತ್ತಿಗೆ ನನ್ನ ಮುಖ ನೋಡಿದರು. ಮೇಸ್ತ್ರಿಯೂ ನನ್ನನ್ನೇ ನೋಡಿದರು. "ಕಡೀರಿ" ಎಂದೆ. ಅತ್ತಿಗೆ ಊಟದವರೆಗೆ ಮಾತಾಡಲಿಲ್ಲ. ಊಟಕ್ಕೆ ಉಪ್ಪು ಕಡಿಮೆ ಎಂದು ತಾವಾಗಿಯೇ ಶುರು ಮಾಡಿದರು.

ಜನವರಿ 22

ಹೊಳೆ ಸಣಕಲಾಗಿದೆ, ಬುಡದ ಕೆಲಸಕ್ಕೆ ಇದೇ ಹೊತ್ತು. ಇಲಾಖೆಯವರು ಲಾರಿಯಲ್ಲಿ ಕಲ್ಲು ಕಳಿಸಿದ್ದಾರೆ, ಒಂದೊಂದೂ ಮುದುರಿ ಮಲಗಿದ ಮನುಷ್ಯನಷ್ಟು. ಹೊಳೆಯ ತಳಕ್ಕಿಂತ ಕೆಳಗೆ ಕಾಲುವೆ ತೋಡಿ, ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು. ಬಟ್ಟೆ ಎಂದ ಕೂಡಲೇ ಅತ್ತಿಗೆ ಹರಿದ ಹಾಸುಬಟ್ಟೆಗಳ ಗಂಟು ಹೊತ್ತು ತಂದರು.

"ಇದು ಆಗಲ್ಲಮ್ಮ, ಕೊಳೆತುಹೋಗುತ್ತೆ" ಎಂದರು ಮೇಸ್ತ್ರಿ. "ಅಲ್ಲಿ ಹಾಸೋದು ಬೇರೆ ಥರದ್ದು. ನೀರು ಹೊರಗೆ ಬರಬೇಕು, ಮಣ್ಣು ಬರಬಾರದು. ನೀರನ್ನೇ ತಡೀತೀನಿ ಅಂತ ಗೋಡೆ ಕಟ್ಟಿದ್ರೆ ಒಳಗೆ ಮಡುಗಟ್ಟಿ ಗೋಡೆಯನ್ನೇ ದಬ್ಬುತ್ತೆ."

ಸಣ್ಣ ಬಟ್ಟೆಗಳನ್ನು ನಾವು ಬಲೆಚೀಲದಲ್ಲಿ ಹಾಕಿ ಒಗೆಯುವ ಹಾಗೆ. ನಾಲ್ಕು ದಿನದಿಂದ ಕೆಳಗೇ ನಿಂತಿದ್ದೇನೆ. ಸಂದಿ ಹೆಚ್ಚಿದೆ ಎಂದು ಮೂರು ಕಲ್ಲು ಎತ್ತಿಸಿ ಮತ್ತೆ ಕೂರಿಸಿದೆ. ಮೇಸ್ತ್ರಿ ಗೊಣಗಿದರು, ಆದರೆ ಕೂರಿಸಿದರು. ಅವರ ಅಂಗಿ ಕಲ್ಲಿಗೆ ಸಿಕ್ಕಿ ಹರಿದಿತ್ತು, ನಮ್ಮವರ ಪಟ್ಟೆ ಅಂಗಿ ಕೊಟ್ಟೆ. ಹೊಟ್ಟೆಯ ಹತ್ತಿರ ಸ್ವಲ್ಪ ಬಿಗಿ.

ಫೆಬ್ರವರಿ 26

ಆಚೆ ದಡದ ಪೊದೆಗಳಿಂದ ಹಸಿ ಕೊಂಬೆ ಕಡಿದು ತಂದು ಇಳಿಜಾರಿನಲ್ಲಿ ಗೂಟದಂತೆ ನೆಟ್ಟೆವು, ಇನ್ನೂರ ನಲವತ್ತು. ನಾನು ಕಡಿಸಿದ ಜಾತಿಯದೇ. ಇವು ಗೂಟವೂ ಹೌದು, ಗಿಡವೂ ಹೌದು. ಬೇರು ಬಿಟ್ಟರೆ ಮಣ್ಣನ್ನು ಹೊಲಿದು ಹಿಡಿಯುತ್ತವೆ. ನಡುವೆ ನಾರಿನ ಬಲೆ, ಬಲೆಯ ಕಣ್ಣುಗಳಲ್ಲಿ ಹುಲ್ಲು. ಒಗೆಯುವ ಕೋಣೆಯ ಪಂಪಿನಿಂದ ಹೊಳೆಯ ನೀರು ಎತ್ತಿ ದಿನಾ ಹನಿಸಬೇಕು, ಅದು ನನ್ನ ಪಾಲು. ಅತ್ತಿಗೆ ಒಂದಿಡೀ ಸಾಲನ್ನು ತಲೆಕೆಳಗಾಗಿ ನೆಟ್ಟಿದ್ದಾರೆಂದು ಸಂಜೆ ಗೊತ್ತಾಯಿತು. ಕೀಳಲು ಬಿಡಲಿಲ್ಲ.

ಏಪ್ರಿಲ್ 30

ಚಿಗುರಿವೆ! ಎಣಿಸಿದೆ, ನೂರ ತೊಂಬತ್ತೊಂದು. ತಲೆಕೆಳಗಿನ ಸಾಲಿನಲ್ಲೂ ಎರಡು ಚಿಗುರಿವೆ, ನೆಟ್ಟವರ ಹಾಗೆಯೇ ಹಟದವು. ಹಕ್ಕಿಗಳು ಬಂದು ಕೂರುತ್ತಿವೆ. ಹಗ್ಗಗಳನ್ನು ಕಟ್ಟಡದ ಪಕ್ಕಕ್ಕೆ ಸರಿಸಿದ್ದೇನೆ.

ಜುಲೈ 6

ಐದು ದಿನದಿಂದ ಮಳೆ. ಹೊಳೆ ಕಲ್ಲು ದಾಟಿ, ಗಿಡ ದಾಟಿ ಮೇಲೆ ಬಂದಿದೆ. ಗಿಡಗಳೆಲ್ಲ ನೀರಿನಡಿ. ಊರ ಕಚೇರಿಯವನು ಬಂದು ನಿಂತು, ಈ ನೆರೆ ಕಳೆದ ಮೇಲೆ ನೋಡಿ ಬೀಗದ ವಿಷಯ ತೀರ್ಮಾನಿಸುತ್ತೇವೆ ಎಂದು ಹೋದ. ಬೂಟಮ್ಮ ಫೋನ್ ಮಾಡಿದ್ದರು. "ಈಗ ಹೆದರಬೇಡಿ. ಇಳಿಯೋವಾಗ ನೋಡ್ಕೊಳ್ಳಿ" ಎಂದರು. ಈಗಲೂ ಹೆದರುತ್ತಿದ್ದೇನೆ, ಇಳಿಯುವಾಗಲೂ ಹೆದರುತ್ತೇನೆ.

ಜುಲೈ 9

ಇಳಿಯುತ್ತಿದೆ. ಹೋದ ಸಲದಷ್ಟೇ ಬೇಗ. ನಾಳೆ ಬಿಸಿಲಂತೆ.

ಜುಲೈ 10

ಮಳೆಯಲ್ಲಿ ಸೇರಿದ ಬಟ್ಟೆಯೆಲ್ಲ ಇವತ್ತು ಒಟ್ಟಿಗೇ ಬಂದು ಬಿತ್ತು. ಆಸ್ಪತ್ರೆಯದು ಆರು ಗಂಟು, ಹೋಟೆಲಿನದು ನಾಲ್ಕು. ಅತ್ತಿಗೆ ಬೆಳಿಗ್ಗೆ ಎಂಟಕ್ಕೇ ಹಿಂಗೋಡೆಗೆ ಒತ್ತಿ ಕುರ್ಚಿ ಹಾಕಿಕೊಂಡು, ಕೊಡೆ ಬಿಡಿಸಿಕೊಂಡು ದಂಡೆಯನ್ನೇ ನೋಡುತ್ತ ಕುಳಿತರು.

"ನೀನು ಒಳಗಿರು. ಬಿದ್ರೆ ಕೂಗ್ತೀನಿ."

ಒಂಬತ್ತೂವರೆಗೆ ನನ್ನ ಕೈ ನಿಂತಿತು. ಸದ್ದಿಗೆ ಕಾದೆ. ಮೆಷಿನ್ನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹತ್ತಕ್ಕೆ ಕೂಗಿ ಕೇಳಿದೆ, "ಇದೆ!" ಎಂದರು. ಹನ್ನೊಂದಕ್ಕೆ ಕೇಳಿದೆ, "ಇದೆ!" ಆಮೇಲೆ ಮೆಷಿನ್ನಿನ ಬೆಲ್ಟು ಜಾರಿತು, ಹೋಟೆಲಿನವನು ಬಂದು ಅವಸರ ಮಾಡಿದ, ಎರಡು ಗಂಟು ಅದಲುಬದಲಾಯಿತು. ಕೇಳಲು ಮರೆತೇಹೋಯಿತು.

ಮೂರೂವರೆಗೆ ಅತ್ತಿಗೆ ಒಳಗೆ ಬಂದು ಬಾಗಿಲಲ್ಲಿ ನಿಂತರು. ಕೊಡೆಯಿದ್ದರೂ ಮುಖ ಬಿಸಿಲಿಗೆ ಕೆಂಪಾಗಿತ್ತು.

"ಏನಾಯ್ತು ಅತ್ತಿಗೆ?"

"ಏನೂ ಆಗ್ಲಿಲ್ಲ."

"ಏನೂ ಆಗ್ಲಿಲ್ಲ ಅಂದ್ರೆ?"

"ಏನೂ ಆಗ್ಲಿಲ್ಲ ಅಂದ್ರೆ ಏನೂ ಆಗ್ಲಿಲ್ಲ ಕಣೇ. ನೀರು ಬುಡದ ಕಲ್ಲು ಕಾಣೋವಷ್ಟು ಕೆಳಗೆ ಹೋಯ್ತು. ಕಲ್ಲಿನ ಸಂದಿಯಿಂದ ತಿಳಿನೀರು ಸೋರ್ತಾ ಇದೆ, ಒಂದಿಷ್ಟೂ ಮಣ್ಣಿನ ಬಣ್ಣ ಇಲ್ಲ. ಗಿಡಗಳು ಕೆಸರು ಕೊಡವಿಕೊಂಡು ಎದ್ದು ನಿಂತಿವೆ. ಕಚೇರಿಯವನು ಬಂದು ನೋಡಿದ, ಪಟ್ಟಿ ಕಿತ್ತ, ಬೀಗ ತೆಗೆದು ಹೋದ. ನಿನ್ನನ್ನ ಕರೀಲಾ ಅಂದ. ಅವಳಿಗೆ ಕೆಲಸ ಇದೆ, ಏನು ಹೇಳ್ಬೇಕೋ ನನಗೇ ಹೇಳು ಅಂದೆ. ಇನ್ನು ಖಾಲಿ ಮಾಡೋ ಮಾತಿಲ್ಲ ಅಂದ. ಇಡೀ ದಿನ ಕಾದ್ರೂ ಅಷ್ಟೇ ಆಗಿದ್ದು."

ಟಿಕೆಟ್ಟು ಕೊಂಡು ಕುಳಿತ ಮೇಲೆ ನಾಟಕ ರದ್ದಾದವರ ಹಾಗಿತ್ತು ಅವರ ದನಿ. ನನಗೆ ನಗು ಬಂತು. ನಕ್ಕೆ, ಇನ್ನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು ಪಕ್ಕದಲ್ಲಿದ್ದ ಗಂಟಿನ ಮೇಲೆ ಕುಸಿದು ಕುಳಿತೆ. ಯಾವಾಗ ಅಳು ಶುರುವಾಯಿತೋ ತಿಳಿಯಲಿಲ್ಲ. ನಮ್ಮವರು ಹೋದಾಗಲೂ ಇಷ್ಟು ಜೋರಾಗಿ ಅತ್ತಿರಲಿಲ್ಲ. ಉಳಿಯಿತು, ಉಳಿಯಿತು ಎಂದಷ್ಟೇ ಬಾಯಿಗೆ ಬರುತ್ತಿತ್ತು.

ಅತ್ತಿಗೆ ಕೊಡೆ ಮಡಿಸಿಟ್ಟು ಹತ್ತಿರ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು.

"ಅಳು, ಅಳು, ಅತ್ತುಬಿಡು. ಆದ್ರೆ ಆ ಗಂಟಿನ ಮೇಲೆ ಬೇಡ ಕಣೇ, ಅದು ಒಗೆದಿದ್ದು."